ಐದು ಬೇಲಿ ಕೂಡುವ ಅಡುಗೆಮನೆ

ಬೇಲಿಗಳಿಗೆ ಮಾತು ಬರುತ್ತಿದ್ದ ಕಾಲವೊಂದಿತ್ತಂತೆ. ಅಮೆರಿಕದ ಡಕೋಟಾದ ಗೋಧಿ ಬಯಲಿನಲ್ಲಿ ಐದು ಮನೆ, ಐದನ್ನೂ ಬಳಸಿದ ಒಂದೇ ಮುಳ್ಳುತಂತಿ, ಆ ತಂತಿಗೇ ಸಿಕ್ಕಿಸಿದ ಐದು ಫೋನು. ಒಂದು ಮನೆಗೆ ಗಂಟೆ ಹೊಡೆದರೆ ಐದೂ ಮನೆಯಲ್ಲಿ ಹೊಡೆಯುತ್ತಿತ್ತು. ಎರಡು ಉದ್ದ, ಒಂದು ಗಿಡ್ಡ ಎಂದರೆ ಕರೆ ಅದರಲ್ಲೊಂದು ಮನೆಯ ಹುಡುಗಿ ಸಿಗ್ನಿಗೆ. ಎತ್ತುವುದು ಮಾತ್ರ ಎಲ್ಲರೂ.

ಕೊಯ್ಲು ಮುಗಿದ ಒಂದು ಸಂಜೆ, ಎದುರು ನಿಂತು ಹೇಳಲು ನಾಚಿದ ನೆರೆಮನೆಯ ಹುಡುಗ ಹಾಲ್ವರ್ ಫೋನಿನಲ್ಲೇ ಅವಳನ್ನು ಕೇಳಿಬಿಟ್ಟ, ನನ್ನನ್ನು ಮದುವೆಯಾಗ್ತೀಯಾ ಎಂದು. ಟಕ್, ಟಕ್, ಟಕ್. ಉಳಿದ ಮನೆಯವರು ಒಬ್ಬೊಬ್ಬರೇ ಫೋನೆತ್ತಿ ಕಿವಿಗಿಟ್ಟುಕೊಂಡಂತೆ ಅವನ ದನಿ ಸೊರಗುತ್ತ ಜೀರುಂಡೆಯಷ್ಟಾಯಿತು. ಪಕ್ಕದ ಹೊಲದ ವಿಧವೆ ಮಾರ್ಟಾ ಚಿಕ್ಕಮ್ಮ ನಡುವೆ ಬಾಯಿ ಹಾಕಿದಳು:

"ಹೂಂ ಅಂದ್ಬಿಡೇ ಹುಡುಗಿ, ಒಲೆ ಮೇಲೆ ಹಾಲಿಟ್ಟಿದ್ದೀನಿ."

ಸಿಗ್ನಿ ಫೋನಿಟ್ಟಳು.

ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ, ಈಗಲಾದರೂ ಹೇಳು ಎಂದು ಅವನು ಅಂಗಲಾಚಿದ. ಅವಳು ಓರೆಗಣ್ಣಲ್ಲಿ ಹಿಂದೆ ನೋಡಿದಳು. ಎಲ್ಲ ಮನೆಯ ಟೋಪಿಗಳೂ ಇತ್ತಲೇ ವಾಲಿದ್ದವು.

"ತಂತೀಲಿ ಕೇಳಿದ್ದೀಯ, ತಂತೀಲೇ ಹೇಳ್ತೀನಿ. ಆದ್ರೆ ನಿನ್ನೊಬ್ಬನಿಗೇ," ಎಂದಳು. "ಮೊದಲ ಹಿಮ ಬೀಳೋದ್ರೊಳಗೆ ದಾರಿ ಮಾಡು. ಇಲ್ದಿದ್ರೆ ಪೇಟೇಲಿರೋ ಅತ್ತೆ ಮನೆಗೆ ಹೋಗಿ ಅಲ್ಲೇ ಇದ್ಬಿಡ್ತೀನಿ."

ಹಾಲ್ವರ್ ಮಾತು ಕೊಟ್ಟ. ಒಂದು ತಂತಿಯನ್ನು ಕಡಿದು ಐದು ಲೈನು ಮಾಡಿದ. ಹಳೆಯ ಮಂಚದ ತಲೆಹಲಗೆಗೆ ತೂತು ಕೊರೆದು, ಹಾರಿಸಿದ ತೋಟಾಗಳ ಹಿತ್ತಾಳೆ ಕೊಳವೆ ಕೂರಿಸಿದ. ಯಾರಾದರೂ ಕರೆದರೆ ಅವರ ಲೈನಿನ ಪುಟ್ಟ ತಗಡು ಬೀಳುತ್ತದೆ. ಹಲಗೆಯ ಮುಂದೆ ಕೂತವರು ಎರಡು ತೂತಿಗೆ ಒಂದು ವೈರು ಸಿಕ್ಕಿಸಿದರೆ ಆ ಇಬ್ಬರೇ ಒಂದಾಗುತ್ತಾರೆ.

ಆದರೆ ಐದು ಬೇಲಿಗಳೂ ಕೂಡುವ ಜಾಗ ಒಂದೇ, ಮಾರ್ಟಾ ಚಿಕ್ಕಮ್ಮನ ಅಡುಗೆಮನೆ. ಹಲಗೆ ಹೊತ್ತು ಹೋದವನಿಗೆ ಅವಳು ಕಾಫಿ ಬಗ್ಗಿಸಿದಳು, ಮುಖ ನೋಡಲಿಲ್ಲ.

"ಚಳಿಗಾಲ ಪೂರ್ತಿ ನಂಗೆ ನಿಮ್ಮಗಳ ದನೀನೇ ಜೊತೆ ಕಣೋ. ಅದನ್ನೂ ಕಡೀತೀಯಾ?"

ಹಾಲ್ವರ್ ಹಲಗೆಯನ್ನು ಗೋಡೆಗೆ ಬಡಿದ, ಅವಳ ಕುರ್ಚಿಯನ್ನು ಅದರೆದುರು ಎಳೆದಿಟ್ಟ.

"ಇನ್ಮೇಲೆ ಎಲ್ರೂ ಮೊದಲು ನಿನ್ನ ಹತ್ರಾನೇ ಮಾತಾಡ್ಬೇಕು, ಚಿಕ್ಕಮ್ಮ. ಆಮೇಲೆ ಅವರನ್ನ ಅವರ ಪಾಡಿಗೆ ಬಿಡ್ಬೇಕು. ಆಗುತ್ತಾ?"

ಸುದ್ದಿ ಕೇಳಿ ಸಿಗ್ನಿಗೆ ಅಳುವೇ ಬಂತು. ಹೋಗಿ ಹೋಗಿ ಆ ಚಿಕ್ಕಮ್ಮನ ಕೈಗೇ ಕೊಡುವುದೇ! ಪೆಟ್ಟಿಗೆಗೆ ಬಟ್ಟೆ ತುಂಬಿದಳು. ಬಡಗಣ ಆಕಾಶ ಆಗಲೇ ಹಿಮದ ಬಣ್ಣಕ್ಕೆ ತಿರುಗಿತ್ತು.

ಆಗ ಗಂಟೆ ಹೊಡೆಯಿತು.

"ಹಾಲ್ವರ್ ಇದ್ದಾನೆ, ಮಾತಾಡು," ಎಂದಳು ಚಿಕ್ಕಮ್ಮ. ಒಂದು ಕ್ಷಣ ತಡೆದು, "ನಾನು ಕೋಳಿಗೆ ಕಾಳು ಹಾಕಿ ಬರ್ತೀನಿ," ಎಂದಳು. ಕಿವಿಯಿಂದ ಫೋನು ತೆಗೆದು ಕೆಳಗಿಟ್ಟ ಸದ್ದು.

ಸಿಗ್ನಿ ಉಸಿರು ಹಿಡಿದು ಕಾದಳು. ಯಾರ ಕೆಮ್ಮೂ ಇಲ್ಲ, ಪಾತ್ರೆಯ ಸದ್ದೂ ಇಲ್ಲ. ಅಷ್ಟರಲ್ಲಿ ಹಾಲ್ವರನ ದನಿ ಬಂತು, ದಿಂಬಿನ ಪಕ್ಕದಿಂದ ಬಂದಷ್ಟು ಹತ್ತಿರ, ತುಂಬು ದನಿ.

"ಸಿಗ್ನಿ, ಕೇಳಿಸ್ತಿದೆಯಾ?"

"ಹೂಂ," ಎಂದಳು. "ಆಗ್ತೀನಿ ಹಾಲ್ವರ್, ಮದುವೆ ಆಗ್ತೀನಿ."

ಕದ್ದು ಕೇಳುವವರು ಯಾರೂ ಇಲ್ಲವಲ್ಲ, ಅದಕ್ಕೇ ಇನ್ನೆರಡು ಸಲ ಹೇಳಿದಳು. ಹಾಗೆ ಮೊದಲ ಹಿಮ ಬೀಳುವ ಮುನ್ನವೇ ಹಾಲ್ವರ್ ಕೊಟ್ಟ ಮಾತು ಉಳಿಸಿಕೊಂಡ.