ನಿಂತುಹೋದ ಚುಕ್ಕೆ

"ನನ್ನ ಬೆನ್ನು ಹತ್ತಕ್ಕೆ ನಾನೇನು ಕಳ್ಳನೇನ್ರೀ?"

ಹುಣಸೂರಿನ ಅಬ್ದುಲ್ ಸತ್ತಾರ್ ಅವರ ಮಂಚ-ಬೀರುಗಳ ಅಂಗಡಿಗೆ ಗಾಡಿ ಓಡಿಸಲು ಬಂದ ಮೊದಲ ದಿನವೇ ಮುಬಷೀರ್ ಸಿಡಿದಿದ್ದ. ಅವನ ಮೊಬೈಲಿಗೆ ಜಾಗ ತೋರಿಸುವ ಆ್ಯಪ್ ಹಾಕುತ್ತಿದ್ದ ಸತ್ತಾರರ ಮಗಳು ನಿಶತ್ ತಲೆಯೆತ್ತಲಿಲ್ಲ.

'ಕಾಡಿನ ದಾರಿ... ನಿಮ್ಗೇನಾದ್ರೂ ಆದೀತೆಂಬ ಭಯಕ್ಕೆ' ಎನ್ನಬೇಕೆಂದವಳು ಮೊಬೈಲನ್ನು ಅವನ ಕೈಗಿಟ್ಟಳು.

ಅಂದಿನಿಂದ ಅವನದು ಬಿಗಿದ ಮುಖ. ಅವಳು ಮಾತ್ರ ಲ್ಯಾಪ್‌ಟಾಪಿನ ನಕಾಶೆಯಲ್ಲಿ ಅವನ ಜಾಗ ತೋರಿಸುವ ಚುಕ್ಕೆಯನ್ನು ದಿನವೂ ಕಣ್ಣಲ್ಲೇ ಮನೆ ಮುಟ್ಟಿಸುತ್ತಿದ್ದಳು.

ಇಂದು ಅವನು ಎಚ್.ಡಿ. ಕೋಟೆಯಾಚೆಯ ಎನ್. ಬೇಗೂರಿನಲ್ಲಿ ಮಂಚ ಇಳಿಸಿ ಮರಳುತ್ತಿದ್ದ. ಅವನ ಚುಕ್ಕೆ ಆಗಾಗ ಕಬಿನಿ ಹಿನ್ನೀರಿನ ನಡುವೆ ಹಾರುತ್ತಿತ್ತು. ನಕಾಶೆಯಲ್ಲಿ ಚುಕ್ಕೆ ತೋರಿಸುವ ಆ ವೆಬ್ ಕಾಂಪೊನೆಂಟ್ ಅವಳೇ ಬರೆದದ್ದು. ತಪ್ಪೆಲ್ಲಿ? ತಪ್ಪು ಹುಡುಕಲು ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದಳು. ಚುಕ್ಕೆ ಹಾರುವ ಕ್ಷಣಕ್ಕೆ ಪುಟ ನಡೆಸುವ ಜಾವಾಸ್ಕ್ರಿಪ್ಟ್ ಅಲ್ಲೇ ನಿಲ್ಲುವಂತೆ ಬ್ರೇಕ್‌ಪಾಯಿಂಟ್ ಇಟ್ಟಳು. ಅಷ್ಟರಲ್ಲಿ ಅಂಗಡಿ ಹಿಂದಿನ ಮನೆಯಿಂದ ಅಮ್ಮ ಕೂಗಿದರು. ಎದ್ದು ಹೋದಳು.

ಮರಳಿದಾಗ ಚುಕ್ಕೆ ಕಾಡಿನ ನಡುವೆ ನಿಂತಿತ್ತು.

ಟೀಗೆ ನಿಲ್ಲಿಸಿರಬಹುದು... ಅಲ್ಲಿ ಹೋಟೆಲೆಲ್ಲಿ!

ಫೋನ್ ಮಾಡಿದಳು. ಸಿಗಲಿಲ್ಲ. ಮತ್ತೆ ಮಾಡಿದಳು. ಚುಕ್ಕೆ ಅಲುಗಲಿಲ್ಲ.

ಬಡಗಿ ಚಲುವರಾಜು ಇಣುಕಿದ. "ಅಲ್ಲಾ ಕಣವ್ವ, ಆ ತಾವ ಯಾರೂ ಗಾಡಿ ನಿಲ್ಸಲ್ಲ. ಆನೆ ಅಡ್ಡ ಬತ್ತವೆ."

"ಸುಮ್ನಿರಿ ಚಲುವಣ್ಣ!"

ನಕಾಶೆ ಹಿಗ್ಗಿಸಲು ನೋಡಿದಳು. ಹಿಗ್ಗಲಿಲ್ಲ. ಯಾವ ಗುಂಡಿ ಒತ್ತಿದರೂ ಓಗೊಡಲಿಲ್ಲ.

ಆಗ ಕಂಡಿತು, ಪುಟದ ಮೇಲಂಚಿನಲ್ಲಿ ತಪ್ಪು ಹುಡುಕುವ ಡಿಬಗರ್ ಪುಟವನ್ನು ತಡೆದಿದೆ ಎನ್ನುವ ಸಣ್ಣ ಪಟ್ಟಿ.

ಯಾ ಅಲ್ಲಾ... ನಿಂತಿದ್ದು ಪುಟ, ಅವನಲ್ಲ! ನಿಲ್ಲಿಸಿದ್ದು ನಾನೇ!

ಚುಕ್ಕೆ ಹಾರಿಸುತ್ತಿದ್ದ ತಪ್ಪೂ ಪಕ್ಕದಲ್ಲೇ ಇತ್ತು: ಸಿಗ್ನಲ್ ಸೋತಾಗ ಫೋನು ಕಳಿಸಿದ ಅಂದಾಜಿನ ಜಾಗ. ಈಗ ಅದು ಯಾರಿಗೆ ಬೇಕು! ಮುಂದುವರಿಸುವ ಗುಂಡಿ ಒತ್ತಿದಳು. ತಡೆದಿದ್ದ ಜಾಗದ ಸುದ್ದಿಗಳೆಲ್ಲ ಒಟ್ಟಿಗೆ ನುಗ್ಗಿದವು. ಚುಕ್ಕೆ ಕಾಡು ದಾಟಿ ಸರಗೂರು ಸೇರಿತು.

ಮುಬಷೀರನ ಫೋನ್ ಬಂತು.

"ಎಷ್ಟೊಂದು ಮಿಸ್ಡ್ ಕಾಲ್ ಕಣ್ರೀ! ಡೀಸೆಲ್ ಕದ್ದಿಲ್ಲ, ಮಂಚ ಮುರ್ದಿಲ್ಲ—"

"ನೀವು... ನೀವು ಸತ್ತೋದ್ರಿ ಅನ್ಕೊಂಡೆ!" ಅವಳು ಬಿಕ್ಕಿದಳು. "ಅನುಮಾನಕ್ಕಲ್ಲ ನಾನು ನೋಡೋದು. ನೀವು ಮನೆ ಸೇರೋವರ್ಗೂ ನಂಗೆ ಅನ್ನ ಇಳಿಯಲ್ಲ!"

ಆ ಕಡೆ ಎಂಜಿನ್ ಆರಿತು.

"ನಿಶತ್..." ಮೊದಲ ಸಲ ಹೆಸರು ಹಿಡಿದು ಕರೆದ. "ನಿಮ್ಮಬ್ಬಾ ಅಂಗಡೀಲಿ ಅವ್ರಾ?"

"ಇದ್ದಾರೆ... ಯಾಕೆ?"

"ನಮ್ಮಮ್ಮನ್ನ ಕರ್ಕೊಂಡು ಬತ್ತೀನಿ. ಬಾಗ್ಲು ಹಾಕ್ಬೇಡಿ ಅನ್ನಿ."

"ಏನಕ್ಕೆ ಅಂತ ಹೇಳ್ಲಿ?"

"ಅದು ನಾನೇ ಹೇಳ್ತೀನಿ ಬುಡಿ. ನೀವು ಮೊದ್ಲು ಉಣ್ಣಿ."

"ನೀವು ಬನ್ನಿ... ಆಮೇಲೆ ಉಣ್ತೀನಿ."