ಹಿಮಯಾತ್ರೆಯ ತಾಲೀಮು

"ನನ್ನ ಗಂಡ ಬಾಗಿಲು ಹಾಕಿದ್ದು ನಿಜ ಅಮ್ಮ," ಎಂದಳು ಕೋಲ್ಡ್ ಸ್ಟೋರೇಜಿನ ಆಪರೇಟರನ ಹೆಂಡತಿ. "ಆದ್ರೆ ಒಳಗೆ ಮನುಷ್ಯ ಇದಾನೆ ಅಂತ ಗೊತ್ತಿದ್ದು ಹಾಕ್ಲಿಲ್ಲ. ಇವತ್ತು ಸಂಜೆ ಐದಕ್ಕೆ ಬಂದು ಕರ್ಕೊಂಡು ಹೋಗ್ತಾರಂತೆ. ಒಂದು ಜೊತೆ ಬಟ್ಟೆ ಕಟ್ಟಿಡಿ ಅಂದ್ರು ಇನ್‌ಸ್ಪೆಕ್ಟರು."

"ಕಟ್ಟಿದ್ಯಾ?" ಭೂಗೋಳದಮ್ಮ ಕೇಳಿದರು.

"ಕಟ್ಟಿದೀನಿ."

"ಬಿಚ್ಚಬೇಡ ಇನ್ನೂ. ನಾನೇನು ಮಂತ್ರವಾದಿ ಅಲ್ಲ. ಕೂತ್ಕೊ, ಮೊದಲಿಂದ ಹೇಳು."

ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು ಅವರು. ಆಮೇಲೆ ಊರಿನ ಎರಡು ಕಳ್ಳತನ, ಒಂದು ವಿಷದ ಪ್ರಕರಣ ಬಿಡಿಸಿದ್ದರು. ಅದೇ ಶಾಲೆಯ ಲೈಬ್ರರಿಯನ್ ಅವರಿಗೆ ಜೊತೆ. ಹಳೆಯ ಲೈಬ್ರರಿ ಕಾರ್ಡುಗಳ ಬೆನ್ನಿನ ಮೇಲೆ ಎಲ್ಲವನ್ನೂ ಬರೆದುಕೊಳ್ಳುವುದು ಅವಳ ಕೆಲಸ. ಈ ಸಲ ಅರ್ಧದಷ್ಟನ್ನು ಅವಳು ಯಾರನ್ನೂ ಕೇಳದೆಯೇ ಬರೆಯಬಹುದಿತ್ತು. ಸತ್ತವನ ಮೇಜಿನ ಸುತ್ತ ಎಂಟು ತಿಂಗಳು ಕೂತವರಲ್ಲಿ ಅವಳೂ ಒಬ್ಬಳು.

ಸತ್ತವನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಹಡಗಿಗೂ ಅವನಿಗೂ ಸಾಸಿವೆಯಷ್ಟು ಸಂಬಂಧವಿರಲಿಲ್ಲ. ಮೀನು, ಬಟಾಣಿ ಇಡುವ ಕೋಲ್ಡ್ ಸ್ಟೋರೇಜಿನ ಮಾಲೀಕ. ಹಿಮನದಿ ಕಡಲಿಗೆ ಇಳಿಯುವುದನ್ನು ಹಡಗಿನ ಮೇಲಿಂದ ನೋಡಿಬರೋಣ ಎಂದು ಎಲ್ಲರನ್ನೂ ಹೊರಡಿಸಿದ್ದು ಅವನು. ಅಂದಿನಿಂದ ಆ ಹೆಸರು. ಹೆಂಡತಿ ಮಕ್ಕಳು ಇಲ್ಲದವನು. ಪ್ರತಿ ಭಾನುವಾರ ಹತ್ತಕ್ಕೆ ಸರಿಯಾಗಿ ನಾಲ್ಕು ಜನ ಅವನ ಊಟದ ಮೇಜಿಗೆ ಹಾಜರಾಗಬೇಕು: ಅವನ ತಮ್ಮ, ತಮ್ಮನ ಹೆಂಡತಿ, ಗೆಳೆಯನಾದ ಹಲ್ಲಿನ ಡಾಕ್ಟರ್, ಡಾಕ್ಟರನ ಹೆಂಡತಿ ಲೈಬ್ರರಿಯನ್. ಮೇಜಿನ ಮೇಲೆ ನಕ್ಷೆ, ಹಡಗಿನ ಕೋಣೆಗಳ ಚಿತ್ರ, ಎಲ್ಲರ ಪಾಸ್‌ಪೋರ್ಟುಗಳನ್ನು ಕೂಡಿಟ್ಟ ಬಿಸ್ಕತ್ ಡಬ್ಬಿ. ನಡುವೆ ಕ್ಯಾಪ್ಟನ್‌ನ ನಾಲಿಗೆ.

"ನೀನು ಡೆಕ್ಕಿನ ಎಡಗಡೆ ನಿಲ್ಲಬೇಡಮ್ಮ, ಹಡಗು ವಾಲುತ್ತೆ," ಎನ್ನುತ್ತಿದ್ದ ತಮ್ಮನ ಹೆಂಡತಿಗೆ. ತಮ್ಮನಿಗೆ, "ಇವನನ್ನ ಹಿಮಗಡ್ಡೆ ಪಕ್ಕ ನಿಲ್ಲಿಸಿದ್ರೆ ಗಡ್ಡೆ ಯಾವುದು ಇವನು ಯಾವುದು ಗೊತ್ತಾಗಲ್ಲ. ಎರಡೂ ಕೆಲಸ ಮಾಡಲ್ಲ. ತಿರುಗಿ ಬಂದ ಮೇಲೆ ಸ್ಟೋರೇಜ್ ಮಾರಿಬಿಡ್ತೀನಿ, ಆಗ ಕರಗ್ತಾನೆ." ಹಲ್ಲಿನ ಡಾಕ್ಟರಿಗೆ, "ಹಡಗಲ್ಲಿ ಗಂಡ ಹೆಂಡತಿಗೆ ಮಾತ್ರ ಒಂದು ಕೋಣೆ ಕಣಯ್ಯ. ನಿಮಗೆ ಎರಡು ಬರೀಲಾ?" ಎಲ್ಲರೂ ನಕ್ಕಿದ್ದರು. ಲೈಬ್ರರಿಯನ್ನೂ ನಕ್ಕಿದ್ದಳು. "ಮೊದಲ ಹಿಮಗಡ್ಡೆ ಕಂಡ ದಿನ ಎಲ್ಲರ ಪಾಸ್‌ಪೋರ್ಟ್ ಜೋರಾಗಿ ಓದ್ತೀನಿ, ಯಾರ್ಯಾರ ವಯಸ್ಸು ಎಷ್ಟು ಅಂತ ತಿಳೀಲಿ," ಎಂದೂ ಹೇಳಿದ್ದ.

ಹೊರಡಲು ಒಂಬತ್ತು ದಿನ ಇರುವಾಗ, ಶನಿವಾರ, ತಾಲೀಮು ಇಟ್ಟ. ದರ್ಜಿ ಕಚ್ಚಾ ಹೊಲಿಗೆ ಹಾಕಿಕೊಟ್ಟ ದಪ್ಪ ಕೋಟು ತೊಟ್ಟು ಒಬ್ಬೊಬ್ಬರೂ ಮೈನಸ್ ಹದಿನೆಂಟರ ಕೋಣೆಯಲ್ಲಿ ಹತ್ತು ನಿಮಿಷ ಅಡ್ಡಾಡಬೇಕು. ಎಲ್ಲಿ ಗಾಳಿ ನುಗ್ಗುತ್ತದೆ ಎಂದು ನೋಡಿಕೊಂಡು, ಕೋಟನ್ನು ಅದೇ ಸಂಜೆ ದರ್ಜಿಗೆ ತಿರುಗಿ ಕೊಡಬೇಕು. ಪಕ್ಕಾ ಹೊಲಿಗೆಗೆ ಅವನಿಗೆ ಒಂದು ವಾರ ಬೇಕು. ಬೆಳಿಗ್ಗೆ ಕ್ಯಾಪ್ಟನ್ ತಾನೇ ಮೊದಲು ಹೋಗಿ ಬಂದ. ಮಧ್ಯಾಹ್ನ ಎಲ್ಲರ ಸರದಿ ಮುಗಿದು ಟೀ ಕುಡಿಯುವಾಗ, "ನೀವೆಲ್ಲ ಹತ್ತು ನಿಮಿಷದ ಶೂರರು. ನಾನು ಒಂದು ಗಂಟೆ ಇರ್ತೀನಿ ನೋಡ್ತಿರಿ," ಎಂದು, ಹಿಂದಿನ ಭಾನುವಾರದಿಂದ ಕೊಚ್ಚಿಕೊಳ್ಳುತ್ತಿದ್ದ ಹಾಗೆಯೇ, ಕಿವಿ ಮುಚ್ಚುವ ಟೋಪಿ ಎಳೆದುಕೊಂಡು ಮತ್ತೆ ಒಳಗೆ ಹೋದ. ಉಳಿದವರು ಮನೆಗೆ ಹೊರಟರು. ಅವನನ್ನು ಜೀವಂತ ನೋಡಿದ್ದು ಅದೇ ಕೊನೆ. ಭಾನುವಾರದ ಸಭೆಯನ್ನು ಅವನೇ ರದ್ದು ಮಾಡಿದ್ದರಿಂದ ಯಾರೂ ಹುಡುಕಲಿಲ್ಲ. ಸೋಮವಾರ ಬೆಳಿಗ್ಗೆ ಆಪರೇಟರ್ ಬಾಗಿಲು ತೆಗೆದಾಗ ಬಾಗಿಲಿಗೆ ಒರಗಿ ಕೂತಿದ್ದ. ಬಲಗೈಯ ಗವಸು ಇರಲಿಲ್ಲ. ಉಗುರುಗಳೂ ಇರಲಿಲ್ಲ. ಕೋಟು ಒಳ್ಳೆಯದಿತ್ತು, ಹಾಗಾಗಿ ಸಾಯಲು ಹೆಚ್ಚು ಹೊತ್ತು ಹಿಡಿದಿತ್ತು.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಭೂಗೋಳದಮ್ಮ ಲೈಬ್ರರಿಯನ್ ಜೊತೆ ಸ್ಟೋರೇಜಿಗೆ ಹೋದರು. ಇನ್‌ಸ್ಪೆಕ್ಟರ್ ಅವರ ಹಳೆಯ ವಿದ್ಯಾರ್ಥಿನಿಯ ಗಂಡ. ಬೇಡ ಎನ್ನಲು ಆಗಲಿಲ್ಲ.

"ಬಾಗಿಲ ಪಕ್ಕದ ಮೊಳೆ ನೋಡಿ," ಎಂದರು ಇನ್‌ಸ್ಪೆಕ್ಟರ್. "ಒಳಗೆ ಹೋಗೋರು ತಮ್ಮ ಹಿತ್ತಾಳೆ ಬಿಲ್ಲೆ ಇಲ್ಲಿ ತೂಗುಹಾಕ್ಬೇಕು. ಮೊಳೆ ಖಾಲಿ ಅಂದ್ರೆ ಕೋಣೆ ಖಾಲಿ. ಕ್ಯಾಪ್ಟನ್ ಬಿಲ್ಲೆ ಆಫೀಸಿನ ಹಲಗೆ ಮೇಲೆ ಸಿಕ್ತು. ಒಂದೋ ಅವರು ಮರೆತ್ರು, ಇಲ್ಲ ಇವನು ತೆಗೆದ. ಒಂದಿನ ನಿಮ್ಮನ್ನೇ ಒಳಗೆ ಹಾಕ್ತೀನಿ ಅಂತ ಹತ್ತು ಜನರ ಮುಂದೆ ಅಂದಿದ್ದ."

"ರಜೆ ಕೊಡಲ್ಲ ಅಂದಾಗ ಬಾಯಿಗೆ ಬಂತು," ಎಂದ ಆಪರೇಟರ್. ಮೂರು ದಿನದ ಗಡ್ಡ, ನೆಲ ನೋಡುವ ಕಣ್ಣು. "ಮೆಷಿನ್ ರೂಮಿಂದ ನಾಲ್ಕು ಗಂಟೆಗೆ ಬಂದೆ. ಮೊಳೆ ಖಾಲಿ. ಆದ್ರೂ ಬಾಗಿಲು ಸರಿಸಿ ಕೂಗಿದೆ. ಫ್ಯಾನಿನ ಸದ್ದು ಬಿಟ್ರೆ ಉತ್ತರ ಇಲ್ಲ. ಬೀಗ ಹಾಕ್ದೆ."

ಒಳಗೆ ಸಿಕ್ಕಿಬಿದ್ದವರಿಗೆಂದೇ ಬಾಗಿಲಲ್ಲಿ ಒಂದು ಸರಳಿತ್ತು. ಒಳಗಿಂದ ತಳ್ಳಿದರೆ ಹೊರಗಿನ ಅಗುಳಿ ಬೀಗದ ಸಮೇತ ಕಳಚಿಕೊಳ್ಳಬೇಕು. ಅದು ಕದಲಲಿಲ್ಲ. ಸರಳಿನ ತೂತಿನ ತುಂಬ ಮಂಜುಗಡ್ಡೆ.

"ದಿನಾ ಒರೆಸೋದು ಇವನ ಕೆಲಸ. ಒರೆಸಿಲ್ಲ," ಎಂದರು ಇನ್‌ಸ್ಪೆಕ್ಟರ್.

ಭೂಗೋಳದಮ್ಮ ಟಾರ್ಚು ಹಿಡಿದು ಬಗ್ಗಿದರು. ಗೋಡೆಯ ಮೇಲೆ, ಪೈಪಿನ ಮೇಲೆ ಕಟ್ಟಿದ್ದು ಬಿಳಿ, ಹತ್ತಿಯ ಹಾಗೆ. ತೂತಿನಲ್ಲಿದ್ದದ್ದು ಕನ್ನಡಕದ ಗಾಜಿನ ಹಾಗೆ ತಿಳಿಯಾಗಿತ್ತು. ಒಂದು ಚೂರು ಕೆತ್ತಿಸಿ ಸ್ಟೀಲ್ ಲೋಟದಲ್ಲಿ ಕರಗಿಸಿದರು. ಮೂಸಿ ನೋಡಿ ಲೈಬ್ರರಿಯನ್ ಕೈಗೆ ಕೊಟ್ಟರು. "ಏನು ಹೇಳು?"

ಅವಳು ಮೂಸಿದಳು. ಲೋಟವನ್ನು ಕೆಳಗಿಡಲು ಸ್ವಲ್ಪ ಹೊತ್ತಾಯಿತು. "ಲವಂಗ. ಟೀ ಇರಬೇಕು. ಅವತ್ತು ಇಲ್ಲೇ ಕುಡಿದ್ವಲ್ಲ."

"ಟೀಗೆ ಬಣ್ಣ ಇರುತ್ತೆ," ಎಂದಷ್ಟೇ ಹೇಳಿ ಅವರು ಆಫೀಸಿಗೆ ನಡೆದರು.

ಹಲಗೆಯ ಮೇಲೆ ಒಂದೊಂದು ಮೊಳೆಗೂ ನಂಬರ್ ಬರೆದಿತ್ತು. ಎರಡು, ಮೂರು, ಏಳರ ಬಿಲ್ಲೆಗಳು ಗೋಡೆಗೆ ಮುಖ ಮಾಡಿದ್ದವು. ಕ್ಯಾಪ್ಟನ್‌ನ ಒಂದನೆಯದು ಮತ್ತು ಉಳಿದವು ಹೊರಗೆ ನೋಡುತ್ತಿದ್ದವು.

"ಇದ್ಯಾಕೆ ಹೀಗೆ?"

"ದಿನಕ್ಕೆ ಒಬ್ಬರಿಗೆ ಒಂದೇ ಸಲ ಮೈನಸ್ ಕೋಣೆ ಅಮ್ಮ. ಹೋಗಿ ಬಂದೋರು ನಂಬರನ್ನ ಗೋಡೆ ಕಡೆ ಮಾಡಿ ಹಾಕ್ತಾರೆ, ಅವರನ್ನ ಮತ್ತೆ ಕಳಿಸಬಾರದು ಅಂತ ಗೊತ್ತಾಗಲಿ ಅಂತ. ಮಾರನೇ ದಿನ ನಾನು ತಿರುಗಿಸ್ತೀನಿ. ಎರಡು, ಮೂರು ಸಣ್ಣ ಯಜಮಾನ್ರು, ಅವರ ಮನೆಯವರದ್ದು. ಏಳು ನಂದು. ಭಾನುವಾರ ರಜೆ, ಸೋಮವಾರದಿಂದ ಯಾರೂ ಮುಟ್ಟಿಲ್ಲ."

"ಡಾಕ್ಟರು, ಇವಳು?"

"ಅತಿಥಿಗಳ ಬಿಲ್ಲೆ ನಾನೇ ಕೈಗೆ ಕೊಟ್ಟು ಕೈಯಲ್ಲೇ ಇಸ್ಕೊಂಡು ಡ್ರಾಯರಿಗೆ ಹಾಕ್ದೆ."

ಇನ್‌ಸ್ಪೆಕ್ಟರ್ ಬಿಸ್ಕತ್ ಡಬ್ಬಿ ತಂದುಕೊಟ್ಟರು. ಭೂಗೋಳದಮ್ಮ ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ತಿರುವಿ ಮುಚ್ಚಳ ಹಾಕಿದರು. ಲೈಬ್ರರಿಯನ್ ಕೈ ಚಾಚಿದಳು.

"ಬರೆಯುವಂಥದ್ದು ಏನೂ ಇಲ್ಲ ಕಣೆ. ಶನಿವಾರ ಟೀ ಆಗಿ ಹೊರಟ ಮೇಲೆ ಯಾರ್ಯಾರು ಕಟ್ಟಡದೊಳಗೆ ವಾಪಸ್ ಹೋದ್ರು, ಅದು ಹೇಳು."

"ತಮ್ಮ, ಸ್ಕೂಟರ್ ಕೀಗೆ. ಅವನ ಹೆಂಡತಿ ಫ್ಲಾಸ್ಕಿಗೆ. ನಮ್ಮವರು ಕೈಗವಸಿಗೆ. ನಾನು ಕಾರಲ್ಲೇ ಇದ್ದೆ."

"ಸರಿ. ಹೋಗಿ ನಾಲ್ಕು ಜನರ ಕೋಟೂ ತಗೊಂಡು ಬಾ. ನಾಲ್ಕು ಗಂಟೆಗೆ ಎಲ್ಲರನ್ನೂ ಇಲ್ಲೇ ಕೂರಿಸೋಣ."

ದರ್ಜಿಯ ಅಂಗಡಿಯಲ್ಲಿ ಮೂರು ಕೋಟುಗಳು ಸಿಕ್ಕವು. ಅವಳದ್ದರಲ್ಲಿ ಆಗಲೇ ಪಕ್ಕಾ ಹೊಲಿಗೆ ಬಿದ್ದಿತ್ತು. "ಡಾಕ್ಟರದ್ದು ಬರಲೇ ಇಲ್ಲ ಮೇಡಂ," ಎಂದ ದರ್ಜಿ. "ಶನಿವಾರ ಸಂಜೆ ಫೋನ್ ಮಾಡಿದ್ದೆ. ಏನವಸರ, ನೋಡೋಣ ಅಂದ್ರು."

ನಾಲ್ಕನೆಯದು ಮನೆಯ ಕಪಾಟಿನಲ್ಲಿತ್ತು. ಶನಿವಾರ ಸಂಜೆ ತನ್ನದನ್ನು ಕೊಡಲು ಹೋಗುವಾಗ ಅವಳು ಅದನ್ನೂ ಕೇಳಿದ್ದಳು. ನಾನೇ ಕೊಡ್ತೀನಿ ಬಿಡು ಎಂದಿದ್ದ ಗಂಡ. ತೋಳಿನ ಉದ್ದಕ್ಕೂ ಬಿಳಿ ದಾರದ ಕಚ್ಚಾ ಹೊಲಿಗೆ ಹಾಗೇ ಇತ್ತು. ಅವಳು ಕೋಟನ್ನು ಮಡಚಿ ಎದೆಗೆ ಹಿಡಿದಳು. ಹತ್ತೊಂಬತ್ತು ವರ್ಷದಿಂದ ಅವನ ಅಂಗಿ ಕಳಚಿದಾಗಲೆಲ್ಲ ಬರುತ್ತಿದ್ದ ಕ್ಲಿನಿಕ್ಕಿನ ಲವಂಗದೆಣ್ಣೆಯ ವಾಸನೆ ಅದರಲ್ಲೂ ಇತ್ತು.

ತಿರುಗಿ ಹೋಗುವ ದಾರಿಯಲ್ಲಿ ದರ್ಜಿಯ ಅಂಗಡಿ ಮತ್ತೆ ಸಿಕ್ಕಿತು. ಇದನ್ನು ಇಟ್ಟುಕೊಳ್ಳಿ, ಶನಿವಾರವೇ ಬಂದಿತ್ತು ಎನ್ನಿ ಎಂದರೆ ದರ್ಜಿ ಇಲ್ಲವೆನ್ನುವವನಲ್ಲ. ಅವಳು ಅಂಗಡಿಯ ಮುಂದೆ ನಿಂತಳು. ಐದು ಗಂಟೆಗೆ ಒಬ್ಬಳ ಗಂಡ ಹೋಗಲೇಬೇಕಿತ್ತು. ಯಾರ ಗಂಡ ಎನ್ನುವುದಷ್ಟೇ ಉಳಿದಿತ್ತು. ಅವಳು ಸ್ಟೋರೇಜಿನ ಕಡೆ ನಡೆದಳು.

ನಾಲ್ಕು ಗಂಟೆಗೆ ಆಫೀಸಿನಲ್ಲಿ ಎಲ್ಲರೂ ಕೂತಿದ್ದರು. ಆಪರೇಟರ್ ಮಾತ್ರ ನಿಂತಿದ್ದ.

"ಮೊದಲು ಮಂಜು," ಎಂದರು ಭೂಗೋಳದಮ್ಮ, ತರಗತಿಯ ದನಿಯಲ್ಲಿ. "ಗಾಳಿಯ ತೇವದಿಂದ ಕಟ್ಟೋ ಮಂಜು ಬೆಳ್ಳಗಿರುತ್ತೆ. ಸರಳಿನ ತೂತಲ್ಲಿದ್ದದ್ದು ತಿಳಿ ಗಡ್ಡೆ. ಅದು ಹೊಯ್ದ ನೀರು. ಒರೆಸದೆ ಬಿಟ್ಟಿದ್ದಲ್ಲ, ಯಾರೋ ತುಂಬಿದ್ದು. ಅವತ್ತು ತಂತಮ್ಮ ಸರದಿಯಲ್ಲಿ ಒಳಗೆ ಹೋದವರಲ್ಲಿ ಒಬ್ಬರು ತುಂಬಿದ್ದು."

"ಆಪರೇಟರೂ ಹೋಗಿದ್ದ," ಎಂದ ತಮ್ಮ.

"ಹೋಗಿದ್ದ. ನೀನೂ ಹೋಗಿದ್ದೆ, ನಿನ್ನ ಹೆಂಡತೀನೂ. ಈಗ ಬಿಲ್ಲೆ. ಕ್ಯಾಪ್ಟನ್ ಬೆಳಿಗ್ಗೆ ಹೋಗಿ ಬಂದು ಗೋಡೆಗೆ ಮುಖ ಮಾಡಿ ಹಾಕಿದ್ದ. ಎರಡನೇ ಸಲ ಮರೆತಿದ್ರೆ ಅದು ಹಾಗೇ ಇರ್ಬೇಕಿತ್ತು. ಆದ್ರೆ ಹೊರಗೆ ನೋಡ್ತಿತ್ತು. ಅಂದ್ರೆ ಅವನು ತಗೊಂಡು ಬಾಗಿಲ ಮೊಳೆಗೆ ಹಾಕಿದ. ಇನ್ನೊಬ್ಬರು ತಂದು ಇಲ್ಲಿ ಹಾಕಿದ್ರು. ಈ ಕಟ್ಟಡದಲ್ಲಿ ಕೆಲಸ ಮಾಡೋ ಯಾರೇ ಆದ್ರೂ ಕಣ್ಣು ಮುಚ್ಚಿ ಬೆನ್ನು ಮಾಡಿ ಹಾಕ್ತಿದ್ರು. ನಂಬರ್ ಕಾಣೋ ಹಾಗೆ ನೀಟಾಗಿ ಹಾಕಿದವರು ಪದ್ಧತಿ ಗೊತ್ತಿಲ್ಲದ ಅತಿಥಿ."

ತಮ್ಮನ ಹೆಂಡತಿ ಉಸಿರು ಬಿಟ್ಟಳು. ಆಮೇಲೆ ಲೈಬ್ರರಿಯನ್ ಕಡೆ ನೋಡಿ ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡಳು.

"ಅತಿಥಿಗಳು ಇಬ್ಬರು. ಒಬ್ಬಳು ಕಾರಲ್ಲೇ ಕೂತಿದ್ದಳು, ಅವಳ ಕೋಟು ಶನಿವಾರ ಸಂಜೆಯೇ ದರ್ಜಿ ಹತ್ರ ಹೋಯ್ತು. ಕ್ಯಾಪ್ಟನ್ ಸತ್ತಿದ್ದು ಸೋಮವಾರದ ತನಕ ಯಾರಿಗೂ ಗೊತ್ತಿಲ್ಲ. ಹಡಗು ಹೊರಡುತ್ತೆ ಅಂತಲೇ ಎಲ್ಲರ ಲೆಕ್ಕ. ಒಬ್ಬರ ಕೋಟು ಮಾತ್ರ ಹೋಗಲಿಲ್ಲ. ಇನ್ನು ಮಂಜು ನೋಡೋದಿಲ್ಲ ಅಂತ ಅವರಿಗೆ ಆಗಲೇ ಗೊತ್ತಿತ್ತು." ಬಿಳಿ ದಾರದ ಕೋಟನ್ನು ಮೇಜಿನ ಮೇಲೆ ಇಟ್ಟರು. "ಬೆರಳು ದಪ್ಪದ ತೂತಿಗೆ ಚೆಲ್ಲದ ಹಾಗೆ ನೀರು ತುಂಬೋಕೆ ಸಿರಿಂಜ್ ಬೇಕು. ನಿಮ್ಮದು ತೊಳೆದ್ರೂ ಲವಂಗದೆಣ್ಣೆ ಹೋಗೋದಿಲ್ಲ, ಡಾಕ್ಟರೆ."

"ಒಂದು ಜೋಕಿಗೆ ಯಾರಾದ್ರೂ ಕೊಲೆ ಮಾಡ್ತಾರಾ?" ಎಂದ ಹಲ್ಲಿನ ಡಾಕ್ಟರ್. ದನಿ ಸಮಾಧಾನವಾಗಿಯೇ ಇತ್ತು. ಹಲ್ಲು ಕೀಳುವ ಮುಂಚೆ ರೋಗಿಗೆ ನೋವಾಗಲ್ಲ ಎನ್ನುವ ದನಿ.

"ಜೋಕ್ ಆಗಿದ್ರೆ ಇಲ್ಲ." ಭೂಗೋಳದಮ್ಮ ಡಬ್ಬಿ ತೆರೆದು ಒಂದು ಪಾಸ್‌ಪೋರ್ಟನ್ನು ಬಿಡಿಸಿ ಕೋಟಿನ ಪಕ್ಕ ಇಟ್ಟರು. "ಹೆಂಡತಿ ಹೆಸರು ಅಂತ ಇಲ್ಲಿ ಬೇರೊಬ್ಬಳ ಹೆಸರಿದೆ. ಜೊತೆಗೆ ಸೇರಿಸಿರೋ ಹಳೇ ಪುಸ್ತಕ ಇವಳನ್ನ ಮದುವೆ ಆಗೋಕೆ ಎರಡು ವರ್ಷ ಮುಂಚೆಯದು, ಅದರಲ್ಲೂ ಇದೇ ಹೆಸರು. ಹೋದ ವರ್ಷ ಹೊಸದು ಮಾಡಿಸಿದಾಗಲೂ ಅದೇ. ಕ್ಯಾಪ್ಟನ್ ಓದಿದ. ಎಂಟು ತಿಂಗಳು ಬೆಕ್ಕು ಇಲಿ ಆಡಿಸಿದ ಹಾಗೆ ಆಡಿಸಿದ. ಹಡಗಿನ ಮೇಲೆ ಜೋರಾಗಿ ಓದೋನಿದ್ದ."

ಲೈಬ್ರರಿಯನ್ ಪಾಸ್‌ಪೋರ್ಟನ್ನು ಎತ್ತಿಕೊಂಡು ಓದಿದಳು. ಪುಟ ತಿರುಗಿಸಿ ಇನ್ನೊಮ್ಮೆ ಓದಿದಳು.

"ತಿಂಗಳಿಗೆ ಎರಡು ಸಲ ಕ್ಯಾಂಪ್ ಅಂತ ಹೋಗ್ತಿದ್ರಲ್ಲ," ಎಂದಳು.

"ಹೂಂ."

"ಮಕ್ಕಳು?"

"ಒಬ್ಬಳು. ಹನ್ನೊಂದು ವರ್ಷ."

"ನನಗೆ ಬೇಡ ಅಂದಿದ್ರಿ. ಮಕ್ಕಳಿದ್ರೆ ಊರೂರು ಸುತ್ತೋಕಾಗಲ್ಲ ಅಂದಿದ್ರಿ."

"ನಿನಗೆ ಗೊತ್ತಾಗಬಾರದು ಅಂತಲೇ ಕಣೆ ಮಾಡಿದ್ದು. ನಿನಗೋಸ್ಕರ."

"ಅದನ್ನ ಬರ್ಕೊಳ್ಳಿ," ಎಂದರು ಭೂಗೋಳದಮ್ಮ ಇನ್‌ಸ್ಪೆಕ್ಟರಿಗೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಮೀನಿನ ಲಾರಿ ನಿಲ್ಲುವ ಹಿಂದಿನ ಗೇಟಿನಿಂದ ಅವನನ್ನು ಕರೆದುಕೊಂಡು ಹೋದರು. ತಮ್ಮನೂ ಅವನ ಹೆಂಡತಿಯೂ ಹಡಗಿನ ಟಿಕೆಟ್ ವಾಪಸ್ ತಗೊಳ್ತಾರೋ ಇಲ್ಲವೋ ಎಂದು ಮೆಲ್ಲಗೆ ಮಾತಾಡುತ್ತ ಹೊರಟರು. ಆಫೀಸಿನಲ್ಲಿ ಇಬ್ಬರೇ ಉಳಿದರು.

"ಕೋಟು ತರೋಕೆ ಕಳಿಸೋ ಮುಂಚೆಯೇ ನಿಮಗೆ ಎಲ್ಲ ಗೊತ್ತಿತ್ತು," ಎಂದಳು ಲೈಬ್ರರಿಯನ್.

"ಗೊತ್ತಿತ್ತು."

"ಪೊಲೀಸರನ್ನ ಕಳಿಸಬಹುದಿತ್ತು."

"ಕಳಿಸಬಹುದಿತ್ತು. ಲೋಟ ಮೂಸಿ ನೀನು ಟೀ ಅಂದೆ. ಕೋಟನ್ನ ದರ್ಜಿ ಹತ್ರ ಬಿಟ್ಟು ಬರ್ತೀಯೇನೋ ಅಂತ ನೋಡಬೇಕಿತ್ತು ನನಗೆ."

"ಬಿಟ್ಟು ಬಂದಿದ್ರೆ?"

"ನಾಳೆಯಿಂದ ನನ್ನ ಮನೆಗೆ ಬರಬೇಡ ಅಂತಿದ್ದೆ." ಭೂಗೋಳದಮ್ಮ ಕೊಡೆ ಹುಡುಕಿಕೊಂಡು ಎದ್ದರು. "ನಾಳೆ ಬಾ. ಕಾರ್ಡುಗಳನ್ನ ಜೋಡಿಸೋದಿದೆ."

ಅವಳು ಮುಂದಿನ ಗೇಟಿಗೆ ಒಬ್ಬಳೇ ನಡೆದಳು. ಆಪರೇಟರ್ ರಸ್ತೆಯ ಆಚೆ ನಿಂತು, ನಲ್ಲಿಯಲ್ಲಿ ಮುಖ ತೊಳೆದುಕೊಳ್ಳುತ್ತಿದ್ದ. ಮಧ್ಯಾಹ್ನದಿಂದ ಗೇಟಿನ ಹೊರಗೇ ಕಾದಿದ್ದ ಅವನ ಹೆಂಡತಿ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಗಂಡನನ್ನು ಬಿಟ್ಟುಬಿಟ್ಟರು ಎನ್ನುವುದೊಂದೇ ಆ ಹೆಂಗಸಿಗೆ ಗೊತ್ತಿದ್ದದ್ದು.

"ಅಮ್ಮನವರ ಹಿಂದೆ ನೀವೂ ಬೆಳಿಗ್ಗೆಯಿಂದ ಓಡಾಡಿದ್ರಂತೆ ಮೇಡಂ. ಊಟಾನೂ ಮಾಡಿಲ್ವಂತೆ. ನಿಮ್ಮಿಂದ ನನ್ನ ಗಂಡ ಮನೆಗೆ ಬರ್ತಿದಾರೆ. ಈ ಉಪಕಾರ ಸಾಯೋ ತನಕ ಮರೆಯಲ್ಲ. ನಿಮ್ಮ ಯಜಮಾನ್ರಿಗೂ ಹೇಳಿ."

ಲೈಬ್ರರಿಯನ್ ಕೈ ಬಿಡಿಸಿಕೊಳ್ಳಲಿಲ್ಲ.

"ಹೇಳ್ತೀನಿ," ಎಂದಳು.