ಸಬೀನಳ ಲಿಸ್ಬನ್

“ಇಲ್ಲಿ ಲಿಫ್ಟ್ ಎಲ್ಲೈತ್ರಿ? ಬರೇ ಮನಿ, ಅಂಗಡಿ ಅದಾವು!”

ಫೋನ್ ಲಿಸ್ಬನ್ನಿನಿಂದ ಬಂದಿತ್ತು. ಸಬೀನ ಕೂತಿದ್ದದ್ದು ದುಬೈಯ ಸತ್ವಾದಲ್ಲಿ, ಟೈಲರ್ ಅಂಗಡಿಗಳ ಮೇಲಿನ ಪುಟ್ಟ ಟ್ರಾವೆಲ್ ಆಫೀಸಿನಲ್ಲಿ. ಮಧ್ಯಾಹ್ನದ ಊಟದ ಡಬ್ಬಿ ಆಗಷ್ಟೇ ಬಿಚ್ಚಿದ್ದಳು.

ಆ ಕಡೆ ಇದ್ದವನು ಝಹೀರ್. ಗದಗದವನು, ಅಬುಧಾಬಿಯಲ್ಲಿ ಎಂಜಿನಿಯರ್. ಈದ್ ರಜೆಗೆ ತಾಯಿ ಝುಲೈಖರನ್ನು ಕರೆದುಕೊಂಡು ನಾಲ್ಕು ದಿನಕ್ಕೆ ಪೋರ್ಚುಗಲ್‌ಗೆ ಹೋಗಿದ್ದ. ಬುಕಿಂಗ್ ಎಲ್ಲ ವಾಟ್ಸ್ಯಾಪಿನಲ್ಲೇ ಆಗಿತ್ತು. ಇಬ್ಬರೂ ಮುಖ ನೋಡಿಕೊಂಡಿರಲಿಲ್ಲ. ತಾಯಿಗೆ ಮೊಣಕಾಲು ನೋವು ಎಂದಿದ್ದ. ಅದಕ್ಕೇ ಸಬೀನ ಲಿಸ್ಬನ್ನಿನ ಒಂದೊಂದು ಬಡಾವಣೆಗೂ ಒಂದೊಂದು ಪುಟ ಬರೆದು ಕಳಿಸಿದ್ದಳು.

“ನಿಮ್ಮ ಎದುರು ಹಳೇ ಕಟ್ಟಡ ಉಂಟಲ್ಲ, ಲಿಫ್ಟ್ ಅದರ ಒಳಗೇ. ಹೊರಗಿಂದ ಮನೆಯ ಹಾಗೇ ಕಾಣ್ತದೆ. ಮೇಲೆ ಹೋದ್ರೆ ಗುಡ್ಡದ ಅರ್ಧ ದಾರಿ ಮುಗೀತದೆ.”

“ಖರೇನಾ? ನೀವು ಎಷ್ಟ್ ಸಲ ಬಂದೀರಿ ಇಲ್ಲಿಗೆ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಒಂದು ಸಲವೂ ಇಲ್ಲ.”

“ಅಂದ್ರ? ಕಾಣದ ಊರಿಗೆ ದಾರಿ ಹೇಳಾಕತ್ತೀರೇನ್ರಿ? ನಮ್ಮ ಅಮ್ಮಿ ಬಿಸಿಲಾಗ ನಿಂತಾಳ!”

ಫೋನ್ ಕಟ್ಟಾಯಿತು. ಸಬೀನಳ ಕಿವಿ ಬಿಸಿಯಾಯಿತು. ಏಳು ವರ್ಷದಿಂದ ಅವಳು ಈ ಊರನ್ನು ಕಲಿತಿದ್ದಳು, ನಕಾಶೆಗಳಿಂದ, ನೂರಾರು ಫೋಟೋಗಳಿಂದ, ಹೋಗಿಬಂದ ಗಿರಾಕಿಗಳಿಂದ. ‘ಆ ತಿರುವಲ್ಲಿ ಕೂತ್ಕೊಳ್ಳಿಕ್ಕೆ ಜಾಗ ಉಂಟಾ? ನೆರಳು ಯಾವಾಗ ಬರ್ತದೆ?’ ಎಂದು ಕೇಳಿ ಕೇಳಿ ಅವರಿಗೇ ಸಾಕು ಮಾಡುತ್ತಿದ್ದಳು. ಅಲ್ಫಾಮ ಎಂಬ ಹಳೇ ಬಡಾವಣೆಯ ಹೆಸರು ಅರಬ್ಬಿಯಿಂದ ಬಂದದ್ದೆಂದು ಗೊತ್ತಿತ್ತು. ಮೊರಾರಿಯಾದ ಯಾವ ಬೀದಿಯಲ್ಲಿ ಹಲಾಲ್ ಊಟ ಸಿಗುತ್ತದೆಂದೂ ಗೊತ್ತಿತ್ತು. ಆದರೆ ಎಲ್ಲರಿಗೂ ರಜೆ ಬಂದಾಗ ಅವಳಿಗೆ ಕೆಲಸ. ಹೋಗುವುದು ಯಾವಾಗ?

ಕಾಲು ಗಂಟೆ ಕಳೆದು ಒಂದು ಫೋಟೋ ಬಂತು. ಗುಡ್ಡದ ಮೇಲೆ, ಕೆಂಪು ಹೆಂಚಿನ ಮಾಡುಗಳಿಗೂ ನದಿಗೂ ಬೆನ್ನು ಹಾಕಿ, ಝುಲೈಖ ನಗುತ್ತಿದ್ದರು. ಕೆಳಗೆ ಒಂದೇ ಪದ: ‘ಸಾರಿ.’

ಸಬೀನ ಫೋನ್ ಬದಿಗಿಟ್ಟಳು. ತಣ್ಣಗಾದ ಊಟವನ್ನು ಪೂರ್ತಿ ಉಂಡಳು.

ಮುಂದಿನ ಶನಿವಾರ ಝಹೀರ್ ಆಫೀಸಿಗೇ ಬಂದ. ಎತ್ತರದ ಆಳು. ಬಾಗಿಲಲ್ಲೇ ನಿಂತು ಕೇಳಿದ, “ಸಬೀನ ಅಂದ್ರ ನೀವೇನ್ರಿ?”

“ಹೌದು. ಕಾಣದ ಊರಿಗೆ ದಾರಿ ಹೇಳುವವಳು ನಾನೇ.”

ಅವನು ತಲೆ ತಗ್ಗಿಸಿದ. ತಗ್ಗಿಸಿಕೊಂಡೇ ಕಣ್ಣೆತ್ತಿ ನೋಡಿ, ಅವಳ ತುಟಿಯ ಮೂಲೆಯಲ್ಲಿದ್ದ ನಗುವನ್ನು ಹಿಡಿದುಬಿಟ್ಟ. “ನಗಾಕತ್ತೀರಿ!”

“ಇಲ್ಲ ಮಾರಾಯ್ರೆ, ಮುಖವೇ ಹಾಗೆ.”

ಆಮೇಲೆ ಪ್ರತಿ ಶನಿವಾರ ಅವನಿಗೆ ಒಂದು ನೆಪ ಸಿಕ್ಕಿತು. ಒಮ್ಮೆ ವಿಯೆನ್ನಾ, ಒಮ್ಮೆ ಪ್ರಾಗ್. ಯಾವ ಟಿಕೆಟನ್ನೂ ತೆಗೆಯಲಿಲ್ಲ. ಕೆಲಸ ಮುಗಿದ ಮೇಲೆ ಇಬ್ಬರೂ ಕರಕ್ ಚಹಾ ಹಿಡಿದು ಸತ್ವಾದ ಗಲ್ಲಿಗಳಲ್ಲಿ ನಡೆಯುತ್ತಿದ್ದರು. ಅವಳ ‘ಎಂತದು’ ಅವನ ಬಾಯಿಗೆ ಬಂತು, ಅವನ ‘ಹೌದಲ್ರಿ’ ಅವಳ ಬಾಯಿಗೆ.

ಚಳಿಗಾಲದ ಹೊತ್ತಿಗೆ ಇಬ್ಬರ ಮನಸ್ಸು ಎರಡೂ ಮನೆಗೆ ಗೊತ್ತಾಗಿತ್ತು. ಅಬುಧಾಬಿಯಲ್ಲಿ ಮಗನ ಜೊತೆಗಿದ್ದ ಝುಲೈಖ ಗದಗಕ್ಕೆ ಮರಳುವವರಿದ್ದರು. ಅದಕ್ಕೆ ಮೊದಲೇ ನಿಕಾಹ್ ಆಗಲಿ ಎಂದು ಮಗನೊಂದಿಗೆ ಮಿರ್ದಿಫ್‌ಗೆ, ಸಬೀನಳ ಅಕ್ಕ ಮುಬೀನಳ ಮನೆಗೆ ಬಂದರು. ಎಲ್ಲರೂ ಸಂತೋಷದಲ್ಲಿದ್ದಾಗ ಝಹೀರ್ ಹೇಳಿದ, “ನಿಕಾಹ್ ಆದ ಮ್ಯಾಲೆ ನಾನೇ ಇವರನ್ನ ಲಿಸ್ಬನ್‌ಗೆ ಕರ್ಕೊಂಡು ಹೋಗ್ತೀನಿ.”

“ಕರ್ಕೊಂಡು ಹೋಗ್ಲಿಕ್ಕೆ ನಾನು ಲಗೇಜಾ?”

ಎಲ್ಲರೂ ನಕ್ಕರು. ಸಬೀನ ನಗಲಿಲ್ಲ.

“ಏಳು ವರ್ಷ ಎಷ್ಟೋ ಜನರನ್ನು ಅಲ್ಲಿಗೆ ಕಳಿಸಿದ್ದೇನೆ. ಮೊದಲ ಸಲ ನಾನೇ ಹೋಗಬೇಕು, ಒಬ್ಬಳೇ. ಆಮೇಲೆ ನಿಕಾಹಿನ ಮಾತು.”

ಅವನ ಮುಖ ಕಂದಿತು. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ.

“ಎಂತ ಅಹಂಕಾರ ನಿಂದು?” ಅಕ್ಕ ಆ ರಾತ್ರಿ ಬೈದಳು. “ಒಳ್ಳೆ ಹುಡುಗ, ಕೈತಪ್ಪಿ ಹೋದ್ರೆ?”

“ಹೋದ್ರೆ ಹೋಗ್ಲಿ.” ಸಬೀನ ಅವನು ಅರ್ಧ ಬಿಟ್ಟಿದ್ದ ಚಹಾವನ್ನು ಚೆಲ್ಲಿ ಲೋಟ ತೊಳೆದಳು. ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ತಾಯಿ ಊರಿಗೆ ಹೋದರು. ಮೂರು ಶನಿವಾರ ಅವನು ಬರಲಿಲ್ಲ. ತನ್ನ ಲಿಸ್ಬನ್ ಪ್ರಯಾಣದ ವೀಸಾ ಬಂದ ದಿನ ಸಬೀನ ಫೋನಿನಲ್ಲಿ ಅವನ ಹೆಸರಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತಳು. ಒತ್ತಲಿಲ್ಲ.

ವಿಮಾನದ ದಿನ ಬೆಳಗ್ಗೆ ಬಾಗಿಲು ತೆರೆದರೆ ಅವನು ನಿಂತಿದ್ದ. ಅಕ್ಕ ಫೋನ್ ಮಾಡಿದ್ದಳು.

“ನೀವು ಬ್ಯಾಡ ಅಂದಿದ್ದಕ್ಕ ಸಿಟ್ಟು ಬಂದಿದ್ದು ಅಲ್ಲರಿ,” ಅವನು ಮೆಲ್ಲಗೆ ಹೇಳಿದ. “ನಿಮಗ ಕೊಡಾಕ ನನ್ನ ಹತ್ರ ಅದೊಂದು ಆಸೆ ಇತ್ತು. ಅದನ್ನೂ ನೀವೇ ತಗೊಂಡ್ರಿ. ಆಮ್ಯಾಲೆ ಮನ್ಯಾಗ ಕೂತು ವಿಚಾರ ಮಾಡಿದೆ. ಬೇಕಾದ್ದು ಹಿಂಗ ತಾನೇ ತಗೊಳ್ಳಾಕಿ ಅಂತಲೇ ಅಲ್ಲೇನು ನೀವು ನನಗ ಹಿಡಿಸಿದ್ದು?”

ಸಬೀನ ನೆಲ ನೋಡಿದಳು. ಅವಳ ಕಣ್ಣು ಒದ್ದೆಯಾದದ್ದು ಅವನಿಗೆ ಕಾಣಬಾರದಿತ್ತು, ಕಂಡಿತು.

“ಯಲ್ಲಾ, ನಡೀರಿ,” ಎಂದು ಅವನು ಕಾರಿನ ಬಾಗಿಲು ತೆಗೆದ. ಬ್ಯಾಗನ್ನು ಅವಳೇ ಎತ್ತಿಟ್ಟಳು.

ಲಿಸ್ಬನ್ನಿನಲ್ಲಿ ಅವಳು ನಕಾಶೆ ತೆರೆಯಲೇ ಇಲ್ಲ. ಅಲ್ಫಾಮದ ಮೆಟ್ಟಿಲುಗಳನ್ನು ಇಳಿದಳು, ಮೊರಾರಿಯಾದಲ್ಲಿ ಬಿರಿಯಾನಿ ಉಂಡಳು, ಗ್ರಾಸದ ಗುಡ್ಡ ಹತ್ತಿದಳು. ಮೀನು ಸುಡುವ ವಾಸನೆ, ಇಳಿಜಾರಿನಲ್ಲಿ ಟ್ರಾಮಿನ ಕಿರುಚು, ನದಿಯ ಗಾಳಿ, ಇವು ಯಾವ ಫೋಟೋದಲ್ಲೂ ಇರಲಿಲ್ಲ. ಎರಡನೆಯ ದಿನ ಪ್ರವಾಸಿ ದಂಪತಿ ಅವಳನ್ನು ನಿಲ್ಲಿಸಿ ದಾರಿ ಕೇಳಿದರು. ಮೂರು ತಿರುವುಗಳನ್ನು ತಡವರಿಸದೆ ಹೇಳಿದಳು. “ಇಲ್ಲೇ ಹುಟ್ಟಿದವರಾ?” ಎಂದು ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಳು.

“ಅಲ್ಲ, ಉಪ್ಪಿನಂಗಡಿಯಲ್ಲಿ,” ಎಂದಳು ಸಬೀನ. ಆ ಹೆಸರು ಅವರಿಗೆ ಗೊತ್ತಿರುತ್ತದೋ ಇಲ್ಲವೋ ಎಂದು ಯೋಚಿಸಲೂ ಇಲ್ಲ. ಆ ಮಧ್ಯಾಹ್ನವೆಲ್ಲ ತಲೆ ಎತ್ತಿ ನಡೆದಳು. ಇದನ್ನು ಯಾರಿಗೆ ಮೊದಲು ಹೇಳಬೇಕೆಂದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ದುಬೈ ಏರ್‌ಪೋರ್ಟಿನ ಕಂಬಿಯಾಚೆ ಅವನು ಕಾಯುತ್ತಿದ್ದ. ಅವಳು ಬರುವ ಠೀವಿಯನ್ನು ದೂರದಿಂದಲೇ ನೋಡಿ ಅವನ ಎದೆಯುಬ್ಬಿತು. ಪಕ್ಕದಲ್ಲಿ ನಿಂತಿದ್ದ ಅಪರಿಚಿತನಿಗೆ ಹೇಳಿಯೇಬಿಟ್ಟ, “ನೋಡ್ರಿ, ಅವರೇ. ಒಬ್ಬರೇ ಹೋಗಿ ಬಂದಾರ.”

ಸಬೀನ ಎದುರು ಬಂದು ನಿಂತಳು. ಅವನು ಬಾಯಿ ತೆರೆಯುವಷ್ಟರಲ್ಲಿ ಕೈ ಚಾಚಿದಳು. “ಅಮ್ಮಿಗೆ ಫೋನ್ ಹಚ್ಚಿ.”

“ಈಗೇನು?”

“ಈಗಲೇ. ನಾನೇ ಮಾತಾಡ್ತೇನೆ.”

ಅವನು ಗಡಿಬಿಡಿಯಲ್ಲಿ ಎರಡು ಸಲ ತಪ್ಪು ನಂಬರು ಒತ್ತಿದ. ಮೂರನೆಯ ಸಲ ಗದಗದಲ್ಲಿ ಫೋನ್ ರಿಂಗಾಯಿತು.

“ಅಮ್ಮಿ, ನಾನು ಸಬೀನ,” ಎಂದಳು ಅವಳು, ಅವನ ಕಣ್ಣನ್ನೇ ನೋಡುತ್ತ. “ನಿಮ್ಮ ಮಗ ನನಗೆ ಒಪ್ಪಿಗೆ. ನಿಕಾಹಿಗೆ ಯಾವ ದಿನ ಇಡುವ?”